ಚಿಂಚಗಲ್ಲಿಯ ಕಡತ

ಬರೆಯುವ ಮುನ್ನವೇ ಬಲ್ಲವನೂ, ಅಳಿಸಿದ ಮೇಲೂ ಮರೆಯದವನೂ ಆದ ಸರ್ವಸಾಕ್ಷಿಗೆ ಮೊದಲ ವಂದನೆ. ವಾಗ್ದೇವಿಯು ನಾಲಿಗೆಯನ್ನು ಸುಳ್ಳಿನಿಂದಲೂ, ಕಿವಿಯನ್ನು ಅವಸರದಿಂದಲೂ ಕಾಯಲಿ. ಇನ್ನು ಕತೆ.

೧೯೯೬ರ ನವೆಂಬರ್ ೧೪, ಗುರುವಾರ. ಬೆಳಗಿನ ಹತ್ತೂವರೆಗೆ ನಿಪ್ಪಾಣಿ ಠಾಣೆಯ ಮೆಟ್ಟಿಲನ್ನು ಡಾಕ್ಟರ್ ಶಾಂತಿನಾಥರು ಹತ್ತಿದರು. ಹೆದ್ದಾರಿಯ ಬದಿಯ ಧರ್ಮಾರ್ಥ ಆಸ್ಪತ್ರೆಯ ಮುಖ್ಯ ವೈದ್ಯರು ಅವರು. ಸಬ್ ಇನ್ಸ್‌ಪೆಕ್ಟರ್ ಭೀಮಗೊಂಡರು ಕುರ್ಚಿ ತೋರಿಸಿದರೂ ಅವರು ಕೂರಲಿಲ್ಲ.

"ನಮ್ಮ ಕಂಪ್ಯೂಟರ್‌ನ್ಯಾಗಿನ ಕಡತ ಯಾರೋ ಅಳಿಸ್ಯಾರ್ರಿ. ಎಫ್‌ಐಆರ್ ಮಾಡ್ರಿ."

ಬರೆಯಲು ಕುಳಿತ ಹೆಡ್ ಕಾನ್‌ಸ್ಟೇಬಲ್ ಕಾಡಸಿದ್ದ ಕಾಗವಾಡದ ಕಡೆಯವನು, ಮಾತಿನ ಮಲ್ಲ. "ಡಾಕ್ಟರ್ ಸಾಹೇಬ್ರ, ಹೋದ ಮಾಲಿನ ವಿವರ ಅಂತ ಒಂದು ಕಾಲಂ ಐತ್ರಿ. ಏನ್ ಬರೀಲಿ?"

"ಹೆಸರು. ಬೀಡಿ ಕಟ್ಟೂ ಹೆಂಗಸರ ಹೆಸರು."

"ಹೆಸರು ಕಳುವಾದ್ರ ಜಪ್ತಿ ಹೆಂಗ ಮಾಡೂದ್ರಿ? ಚೀಲದಾಗ ತುಂಬಾಕ ಬರ್ತೈತೇನ್ರಿ?"

"ಕಾಡಸಿದ್ದ, ನಗಿಚಾಟಿ ಸಾಕು. ಬರಿ," ಎಂದರು ಭೀಮಗೊಂಡರು.

ಸಂಗತಿ ನಗುವಂಥದಾಗಿರಲಿಲ್ಲ. ಎರಡು ವರ್ಷಗಳಿಂದ ಆಸ್ಪತ್ರೆಯವರು ಊರಿನ ಗಲ್ಲಿಗಲ್ಲಿಗೆ ಹೋಗಿ, ಬೀಡಿ ಕಟ್ಟುವ ಹೆಂಗಸರನ್ನು ಕರೆತಂದು ಎದೆಯ ಎಕ್ಸ್‌ರೇ ಫೋಟೋ ತೆಗೆಸಿದ್ದರು. ಕ್ಷಯ ತಗುಲಿದವರ ಹೆಸರುಗಳನ್ನು ಗಲ್ಲಿಗೊಂದು ಕಡತದಂತೆ ಯಂತ್ರದಲ್ಲಿ ಇಟ್ಟಿದ್ದರು. ಬರುವ ಸೋಮವಾರ ಜಿಲ್ಲೆಯ ಅಧಿಕಾರಿಗಳು ಬಂದು, ಆ ಹೆಸರುಗಳಿಗೆ ಪೂರ್ತಿ ಔಷಧ ಮಂಜೂರು ಮಾಡುವವರಿದ್ದರು. ಆದರೆ ಬೀಡಿಯ ಗುತ್ತೇದಾರರಿಗೂ ಅದೇ ಹೆಸರುಗಳು ಬೇಕಾಗಿದ್ದವು. ಯಾದಿಯಲ್ಲಿ ಸಿಕ್ಕವಳಿಗೆ ಎಲೆ, ತಂಬಾಕು ಕೊಡುವುದಿಲ್ಲವೆಂದು ಅವರು ಆಗಲೇ ಸಾರಿಬಿಟ್ಟಿದ್ದರು. ಔಷಧ ಬರುವ ಬಾಗಿಲಿನಿಂದಲೇ ಅನ್ನ ಹೊರಟುಹೋಗುವ ಹಾಗಿತ್ತು.

"ಈಗ ಏನೇನು ಉಳದೈತಿ?" ಎಂದು ಕೇಳಿದರು ಭೀಮಗೊಂಡರು.

"ಚಿಂಚಗಲ್ಲಿ ಒಂದ. ಉಳಿದ ಎಲ್ಲಾ ಗಲ್ಲೀನೂ ಹೋಗ್ಯಾವ."

"ಕಾಗದದ ಫಾರ್ಮು?"

"ಟ್ರಸ್ಟಿನವ್ರು ಜಾಗಾ ಇಲ್ಲಂತ ರದ್ದಿಗೆ ಹಾಕಿದ್ರು. ಕಂಪ್ಯೂಟರ್‌ನ್ಯಾಗ ಐತಲ್ಲ ಅಂದ್ರು."

"ಮತ್ತೊಮ್ಮೆ ಫೋಟೋ ತಗಸ್ರಿ."

ಡಾಕ್ಟರರು ಆಗ ಕುಳಿತರು. "ಅನುದಾನ ಒಮ್ಮಿ ಸಿಕ್ಕಿತ್ರಿ. ಎರಡನೇ ಸಲ ಯಾರೂ ಕೊಡೂದಿಲ್ಲ."

ನೌಕರನ ವಿಶ್ವಾಸದ್ರೋಹದ ಕಲಮಿನಡಿ ಪ್ರಕರಣ ದಾಖಲಾಯಿತು. 'ಚಿಂಚಗಲ್ಲಿ ಎಂಬ ಒಂದು ಕಡತ ಮಾತ್ರ ಉಳಿದಿದೆ' ಎಂದು ಕಾಡಸಿದ್ದ ದುಂಡಗಿನ ಅಕ್ಷರದಲ್ಲಿ ಬರೆದು ಸಹಿ ಹಾಕಿಸಿದ.

ಮಧ್ಯಾಹ್ನ ಹನ್ನೆರಡಕ್ಕೆ ಇಬ್ಬರು ಪಂಚರ ಸಮಕ್ಷಮ ಸರ್ವರ್ ಕೋಣೆಯ ಪಂಚನಾಮೆ ನಡೆಯಿತು. ಕೋಣೆ ಎರಡನೆಯ ಅಂತಸ್ತಿನಲ್ಲಿತ್ತು. ಹಿಂದಿನ ದಿನ ಮೂರು ಗಂಟೆಗೆ ಕರೆಂಟು ಹೋದದ್ದು ದಿಟ. ಅದು ದಿನವೂ ಆ ಹೊತ್ತಿಗೆ ಹೋಗುತ್ತಿತ್ತು. ಆದರೆ ಯಂತ್ರಕ್ಕೆ ಬೆನ್ನೆಲುಬಾಗಿದ್ದ ಯುಪಿಎಸ್ಸಿನ ಗುಂಡಿಯನ್ನು ಯಾರೋ ಒತ್ತಿ ಬಂದ್ ಮಾಡಿದ್ದರು. ನಕಲು ತೆಗೆದಿಡುವ ಒಂದೇ ಒಂದು ಟೇಪು, ಹಿತ್ತಿಲಿನ ನೀರಿನ ತೊಟ್ಟಿಯಲ್ಲಿ ಸಿಕ್ಕಿತು.

ಯಂತ್ರದ ಉಸ್ತುವಾರಿ ನೋಡುತ್ತಿದ್ದವನು ರಾಜಾರಾಮ. ಕೊಲ್ಹಾಪುರದಲ್ಲಿ ಕಲಿತವನು, ಹೆದರಿದಾಗ ಮರಾಠಿಗೆ ಜಾರುವವನು.

"ಕರೆಂಟಿನಿಂದ ಹೋಗ್ಯಾವಂತ ನಿಮ್ಮ ಟ್ರಸ್ಟಿನ ಚೇರಮನ್ನರು ಅಂತಾರ," ಎಂದರು ಭೀಮಗೊಂಡರು.

"ಹಳೇ ಮಶಿನ್ ಇದ್ರ ನಾನೂ ಹಂಗ ಅಂತಿದ್ದೆ ಸಾಹೇಬ. ಇದರಾಗ ಹಂಗ ಆಗಾಕ ಬರೂದಿಲ್ರಿ."

"ಯಾಕ?"

"ಇದರ ಫೈಲ್ ಸಿಸ್ಟಮ್ಮಿಗೆ ಜರ್ನಲ್ ಐತ್ರಿ."

ಅವನು ಬಿಡಿಸಿ ಹೇಳಿದ. ಹಳೆಯ ಯಂತ್ರ ಬರೆಯುತ್ತಿರುವಾಗ ಕರೆಂಟು ಹೋದರೆ, ಯಾವ ಕೆಲಸ ಎಲ್ಲಿ ನಿಂತಿತೆಂದು ಅದಕ್ಕೇ ತಿಳಿಯುತ್ತಿರಲಿಲ್ಲ. ಮರಳಿ ಎಚ್ಚರಾದಾಗ ಇಡೀ ಡಿಸ್ಕನ್ನು ಮೂಲೆಮೂಲೆಯಾಗಿ ತಡಕಬೇಕು. ಕಡತಗಳು ಹರಿದು, ಹೆಸರಿಲ್ಲದ ತುಣುಕುಗಳಾಗಿ ಸಿಗುತ್ತಿದ್ದವು. ಯುಗಾದಿಯ ನಂತರ ತಂದ ಈ ಯಂತ್ರ ಡಿಸ್ಕಿನಲ್ಲಿ ಒಂದು ಪಟ್ಟಿಯಷ್ಟು ಜಾಗವನ್ನು ಬೇರೆಯಿಟ್ಟುಕೊಂಡಿದೆ. ಕಡತ ಹುಟ್ಟಿಸುವುದಿರಲಿ, ಅಳಿಸುವುದಿರಲಿ, 'ಹೀಗೆ ಮಾಡಲಿದ್ದೇನೆ' ಎಂದು ಮೊದಲು ಆ ಪಟ್ಟಿಯಲ್ಲಿ ಬರೆದು, ಆಮೇಲೆ ಮಾಡುತ್ತದೆ. ನಡುವೆ ಕರೆಂಟು ಹೋಗಿ ಬಂದರೆ ಆ ಪಟ್ಟಿಯನ್ನಷ್ಟೇ ಓದಿ, ಪೂರ್ತಿ ಬರೆದಿದ್ದನ್ನು ಮಾಡಿ ಮುಗಿಸುತ್ತದೆ. ಬರೆಯದೆ ಇದ್ದದ್ದನ್ನು ಶುರುವೇ ಆಗಲಿಲ್ಲವೆಂದು ಬಿಡುತ್ತದೆ.

"ನಮ್ಮ ಠಾಣಾ ಡೈರಿ ಇದ್ದಂಗಾತು," ಎಂದ ಕಾಡಸಿದ್ದ. "ಗಸ್ತಿಗೆ ಹೊಂಟೀನಿ ಅಂತ ಬರದ ಹೋಗೂದು. ದಾರ್ಯಾಗ ನಾ ಸತ್ರೂ ಎಲ್ಲಿ ಹುಡುಕಬೇಕಂತ ಸಾಹೇಬರಿಗೆ ಗೊತ್ತಿರ್ತೈತಿ."

"ಹಂಗ ನೋಡ್ರಿ. ತಿಂಗಳುಗಟ್ಟಲೆ ಸುಮ್ಮನಿದ್ದ ಫೈಲು ಕರೆಂಟಿಗೆ ಹೋಗೂದಿಲ್ಲ. ಇದು ಕೈಲೆ ಅಳಿಸಿದ್ದು."

"ಹಂಗಾರ ಅದ ಜರ್ನಲ್‌ನಿಂದ ಹೆಸರು ತಿರುಗಿ ತಗಿ," ಎಂದರು ಭೀಮಗೊಂಡರು.

"ಬರೂದಿಲ್ರಿ. ಯಾವ ಫೈಲು, ಎಲ್ಲಿತ್ತು, ಏನಾತು ಅಷ್ಟ ಅದರಾಗ ಇರ್ತೈತಿ. ಒಳಗಿನ ಬರಹ ಇರೂದಿಲ್ಲ."

"ಅಳಿಸಾಕ ಬೇಕಾದ ಪಾಸ್‌ವರ್ಡ್ ಯಾರ್ಯಾರಿಗೆ ಗೊತ್ತು?"

"ಇಬ್ಬರಿಗ್ರಿ. ನನಗ. ಮತ್ತ ಆಪರೇಟರ್ ಸಕ್ಕುಬಾಯಿಗೆ."

ಸಕ್ಕುಬಾಯಿ ಇಪ್ಪತ್ತನಾಲ್ಕರ ಹುಡುಗಿ. ಚಿಕ್ಕೋಡಿಗೆ ಬಸ್ಸಿನಲ್ಲಿ ಓಡಾಡಿ ಕಂಪ್ಯೂಟರ್ ಕಲಿತವಳು. ಅಷ್ಟೂ ಹೆಸರುಗಳನ್ನು ಯಂತ್ರಕ್ಕೆ ಹಾಕಿದ್ದು ಅವಳ ಬೆರಳುಗಳೇ. ಪ್ರಶ್ನೆಗಳಿಗೆ ತಲೆಯೆತ್ತಿಯೇ ಉತ್ತರಿಸಿದಳು.

"ನಿನ್ನೆ ಮೂರಕ್ಕ ಎಲ್ಲಿದ್ದಿ?"

"ಚಹಾಕ್ಕ ಹೋಗಿದ್ದೆರಿ."

"ಮನಿ ಎಲ್ಲಿ?"

"ಚಿಂಚಗಲ್ಲಿರಿ."

"ಮನ್ಯಾಗ ಬೀಡಿ ಯಾರ ಕಟ್ತಾರ?"

"ಅವ್ವ. ಲಕ್ಕವ್ವ ಅಂತ. ಆಕೀ ಹೆಸರೂ ಯಾದ್ಯಾಗ ಐತ್ರಿ."

ಹೊರಗೆ ಬಂದಾಗ ಕಾಡಸಿದ್ದ ತಲೆ ಅಲ್ಲಾಡಿಸಿದ. "ಈಕಿ ಅಲ್ರಿ ಸಾಹೇಬ್ರ. ತನ್ನ ಅವ್ವನ ಗಲ್ಲಿ ಬಿಟ್ಟು ಮಂದೀ ಗಲ್ಲಿ ಯಾರ ಅಳಸ್ತಾರ? ಆ ರಾಜಾರಾಮನ್ನ ಕುಂಡ್ರಸ್ರಿ."

ಭೀಮಗೊಂಡರಿಗೂ ಹಾಗೆಯೇ ತೋರಿತು. ರಾಜಾರಾಮನನ್ನು ಠಾಣೆಯ ಬೆಂಚಿನ ಮೇಲೆ ಕೂರಿಸಿದರು.

ಮರುದಿನ ಗುತ್ತೇದಾರ ರಾವಸಾಹೇಬ ಕರೆಯದೆಯೇ ಬಂದ. ಬಿಳಿಯ ಟೊಪ್ಪಿಗೆ, ಅಡಿಕೆಯ ಬಾಯಿ.

"ಯಾದಿ ಅಳಿಸಿದ್ದು ನೀವ ಏನ್ರಿ?"

"ನಾ ಯಾಕ ಅಳಿಸ್ಲಿ? ನನಗ ಅದು ಬೇಕಾಗೈತಿ. ಕೆಮ್ಮೂ ಕೈಲೆ ಕಟ್ಟಿದ ಬೀಡಿ ಯಾರ ಸೇದ್ತಾರ್ರಿ ಫೌಜದಾರ ಸಾಹೇಬ?"

"ಆ ಕೆಮ್ಮು ಎಲ್ಲಿಂದ ಬಂತು?"

ರಾವಸಾಹೇಬ ನಕ್ಕ. "ಅದು ಡಾಕ್ಟರಿಗೆ ಕೇಳೂ ಸವಾಲು. ಒಂದ ಗಲ್ಲೀದು ಉಳದೈತಂತಲ್ಲ, ಅದನ್ನರ ಜ್ವಾಪಾನ ಮಾಡ್ರಿ. ನನ್ನ ವಕೀಲ ನಕಲು ತಗೊಳ್ಳಾಕ ಬರ್ತಾನ."

ಅವನು ಹೋದ ಮೇಲೆ ಭೀಮಗೊಂಡರು ರಾಜಾರಾಮನ ಎದುರು ಕುಳಿತರು.

"ಎಲ್ಲಾ ಅಳಿಸಿ ಒಂದನ್ನ ಯಾಕ ಬಿಟ್ಟಿ?"

"ಆಯೀಚೀ ಶಪ್ಪಥ ಸಾಹೇಬ, ನಾ ಅಳಿಸಿಲ್ಲ. ಮತ್ತ ಅದನ್ನ ಬಿಟ್ಟಿಲ್ರಿ ಅವರು. ಅದನ್ನೂ ಅಳಿಸ್ಯಾರ."

"ಅಳಿಸಿದ್ದು ಹೆಂಗ ಉಳೀತು?"

"ಜರ್ನಲ್‌ನ್ಯಾಗ ಬರಿಯೂದು ಮೊದ್ಲ ಮಶಿನ್ನಿನ ನೆನಪಿನ್ಯಾಗ ಇರ್ತೈತ್ರಿ. ಥೋಡೆ ಹೊತ್ತಿನ ಮ್ಯಾಲ ಡಿಸ್ಕಿಗೆ ಇಳೀತೈತಿ. ಇಳಿಯೂಕ್ಕಿಂತ ಮೊದ್ಲ ಯುಪಿಎಸ್ ಬಂದ್ ಮಾಡಿದ್ರ ಆ ಅಳಿಸಿದ್ದು ಅಳಿಸಿದಂಗ ಆಗೂದಿಲ್ಲ. ಉಳಿದದ್ದು ಯಾವುದೋ ಅದ ಕಟ್ಟಕಡೀಕ ಅಳಿಸಿದ್ದು."

ದಿನವೂ ಪೂಜೆಗೆ ಕೂರುವ ಭೀಮಗೊಂಡರಿಗೆ ಇದು ತಟ್ಟನೆ ಹೊಳೆಯಿತು. ಸಂಕಲ್ಪ ಪೂರ್ಣವಾಗಿ ನುಡಿಯುವ ಮುನ್ನ ಎದ್ದುಹೋದವನ ಪೂಜೆ ಪೂಜೆಯಲ್ಲ. ಅವನ ಹೂವು ತಟ್ಟೆಯಲ್ಲಿಯೇ ಉಳಿಯುತ್ತದೆ. ಹಾಗಾದರೆ ಚಿಂಚಗಲ್ಲಿ ಯಾರದೋ ದಯೆಯಿಂದ ಉಳಿದದ್ದಲ್ಲ. ಯಾರೋ ಬೇಕೆಂದೇ ಅದನ್ನು ಕೊನೆಗೆ ಇಟ್ಟಿದ್ದರು. ಅಕ್ಷರಗಳ ಸಾಲಿನಲ್ಲಿ ಅದು ಕೊನೆಯದೂ ಆಗಿರಲಿಲ್ಲ.

ಸಂಜೆ ನಾಲ್ಕಕ್ಕೆ ಅವರು ಮಫ್ತಿಯಲ್ಲಿ ಚಿಂಚಗಲ್ಲಿಗೆ ಹೋದರು. ಓಣಿಯ ಹುಣಿಸೆಮರದ ಕೆಳಗೆ ಹೆಂಗಸರು ಮೊರಗಳನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದರು. ಗುತ್ತೇದಾರನಿಂದ ತಂದ ಎಲೆಯ ಚೀಲವನ್ನು ಲಕ್ಕವ್ವ ಬಿಚ್ಚಿದ್ದಳು. ಎಲೆ ಸಾಲದೆ ಬಂದಿತ್ತು. ಕೆಮ್ಮು ಬಂದಾಗ ಸೆರಗಿನಿಂದ ಬಾಯಿ ಮುಚ್ಚಿಕೊಂಡು, ಒಬ್ಬೊಬ್ಬಳ ಮೊರಕ್ಕೂ ಹಿಡಿಹಿಡಿಯಾಗಿ ಹಾಕುತ್ತಾ ಬಂದಳು. ಎಲ್ಲರದೂ ಆದ ಮೇಲೆ ಚೀಲವನ್ನು ಝಾಡಿಸಿ, ತಳದ ಹರಕು ಎಲೆಗಳನ್ನು ತನ್ನ ಮೊರಕ್ಕೆ ಸುರಿದುಕೊಂಡಳು.

"ಎವ್ವಾ, ಚೀಲ ಹೊತ್ತಾಕಿ ನೀನು. ನಿಂದ್ಯಾಕ ಕಡೀಕ?"

"ಯಾವೂರವಪ್ಪಾ ನೀನು?" ಮುದುಕಿಯೊಬ್ಬಳು ನಕ್ಕಳು. "ನಿಮ್ಮೂರಾಗ ಹಂಚಾಕಿ ಮೊದ್ಲ ತನಗ ತುಂಬ್ಕೋತಾಳೇನು? ಹಂಗ ಮಾಡಿದ್ರ ನಾಳಿ ಆಕೀ ಕೈಯಾಗ ಚೀಲ ಕೊಡತೇವೇನ ನಾವು?"

ಲಕ್ಕವ್ವ ಕೆಮ್ಮುತ್ತಿದ್ದಳು. ಭೀಮಗೊಂಡರು ಬಹಳ ಹೊತ್ತು ಅಲ್ಲಿ ನಿಲ್ಲಲಿಲ್ಲ. ಯಾರೆಂಬುದು ತಿಳಿದುಹೋಗಿತ್ತು. ತಿಳಿಯದಿದ್ದರೆ ಒಳಿತಾಗುತ್ತಿತ್ತು ಎಂದು ಇಪ್ಪತ್ತು ವರ್ಷದ ಚಾಕರಿಯಲ್ಲಿ ಅವರಿಗೆ ಅನಿಸಿದ್ದು ಅದೇ ಮೊದಲು.

ಶನಿವಾರ ಬೆಳಿಗ್ಗೆ ಹತ್ತಕ್ಕೆ, ಚಿಕ್ಕೋಡಿಯಿಂದ ಬಂದ ಮಹಿಳಾ ಪೇದೆಯೊಡನೆ ಅವರು ಆಸ್ಪತ್ರೆಯ ದಾಖಲೆ ಕೋಣೆಗೆ ಹೋದರು.

"ಸಕ್ಕುಬಾಯಿ, ನಿಮ್ಮ ಗಲ್ಲೀನ ಯಾಕ ಕಡೀಕ ಇಟ್ಟಿ?"

ಬೆರಳುಗಳು ಕೀಲಿಗಳ ಮೇಲೆಯೇ ನಿಂತವು. ಅವಳು ಸುಳ್ಳು ಹೇಳಲು ಹೊರಟು, ಅವರ ಮುಖ ನೋಡಿ ಬಿಟ್ಟುಬಿಟ್ಟಳು.

"ನಮ್ಮದು ಮೊದ್ಲ ಅಳಿಸಿ, ಅಷ್ಟರಾಗ ಯಾರರ ಬಂದಿದ್ರ ನಮ್ಮನಷ್ಟ ಉಳಿಸ್ಕೊಂಡಂಗ ಆಕ್ಕಿತ್ತಲ್ರಿ. ಮಂದೀ ಮಾರಿ ಹೆಂಗ ನೋಡ್ಲಿ?"

"ಯುಪಿಎಸ್?"

"ಮೆಟ್ಟಲದಾಗ ಯಾರದೋ ಸಪ್ಪಳಾತ್ರಿ. ಕಡೀದು ಅಳಿಸಿದಾಕಿ ಹಂಗ ಗುಂಡಿ ಒತ್ತಿದೆ. ಹಳೇ ಮಶಿನ್ ಇದ್ದಾಗ ಎಲ್ಲಾರೂ ಕರೆಂಟಿನ ತಲಿಮ್ಯಾಲನ ಹಾಕತಿದ್ರು. ಈಗೂ ಹಾಕ್ತಾರ ಅಂದ್ಕೊಂಡೆ."

"ಚೂರು ತಡದಿದ್ರ ಅದೂ ಹೋಗತಿತ್ತು."

ಹೇಳಬಾರದಿತ್ತು ಎಂದು ಅವರಿಗೆ ಆಮೇಲೆ ತೋಚಿತು. ಅವಳು ಮೊದಲು ಗೋಡೆ ನೋಡಿದಳು, ಬಳಿಕ ತನ್ನ ಕೈ ನೋಡಿಕೊಂಡಳು.

"ಗೊತ್ತಾತ್ರಿ. ಕರೆಂಟು ಬಂದ ಮ್ಯಾಲ ನಮ್ಮದು ಹಂಗ ಐತಿ ಅಂತ ನೋಡಿದೆ. ಅಷ್ಟರಾಗ ಡಾಕ್ಟರ್ ಸಾಹೇಬ್ರು ಕೋಣಿಗೆ ಕೀಲಿ ಹಾಕಿದ್ರು."

"ಅವ್ವಗ ಔಷಧ ಬ್ಯಾಡಾಗಿತ್ತೇನವಾ?"

"ಬೇಕಾಗಿತ್ರಿ. ಗುಳಿಗಿ ಉಣ್ಣದ ತಗೋಬಾರದು ಅಂತಾರ ಡಾಕ್ಟರ್ ಸಾಹೇಬ್ರು. ಎಲಿ ನಿಂತ್ರ ಏನ್ ಉಣ್ಣೂದ್ರಿ?"

ದಸ್ತಗಿರಿಯ ಪಂಚನಾಮೆ ಹತ್ತೂಮುಕ್ಕಾಲಿಗೆ ಮುಗಿಯಿತು. ರಾಜಾರಾಮನನ್ನು ಬಿಟ್ಟು ಕಳಿಸಿದರು. ಡಿಸ್ಕು ಮುದ್ದೇಮಾಲಾಗಿ ಸೀಲಾಗುವ ಮುನ್ನ ಚಿಂಚಗಲ್ಲಿಯ ಕಡತವನ್ನು ಕಾಗದಕ್ಕೆ ಇಳಿಸಿ ಪುರಾವೆಗೆ ಲಗತ್ತಿಸಬೇಕಿತ್ತು. ಮುದ್ರಣಯಂತ್ರದ ಮುಂದೆ ಕಾಡಸಿದ್ದ, ಎಂದೂ ಇಲ್ಲದ ಮೆಲುದನಿಯಲ್ಲಿ ಕೇಳಿದ:

"ಸಾಹೇಬ್ರ, ಕರೆಂಟು ಇನ್ನೊಮ್ಮಿ ಹೋಗಬಹುದಲ್ರಿ?"

"ಒಂದು ಉಳದೈತಿ ಅಂತ ಎಫ್‌ಐಆರ್‌ದಾಗ ಬರದಾವ ನೀನ ಅಲ್ಲೇನೋ."

ಕಾಡಸಿದ್ದ ತಲೆ ತಗ್ಗಿಸಿದ. ಕಾಗದ ಕಟಕಟನೆ ಹೊರಬರುತ್ತಿತ್ತು. ಲಕ್ಕವ್ವನ ಹೆಸರು ಮೂರನೆಯ ಹಾಳೆಯಲ್ಲಿತ್ತು.

ಚಿಕ್ಕೋಡಿ ನ್ಯಾಯಾಲಯಕ್ಕೆ ದೋಷಾರೋಪಣ ಪತ್ರ ಸಲ್ಲಿಕೆಯಾಯಿತು. ಅದಕ್ಕೆ ಲಗತ್ತಿಸಿದ ಯಾದಿಯ ನಕಲು ರಾವಸಾಹೇಬನ ವಕೀಲನಿಗೆ ದೊರೆಯಿತು. ಸಂಕ್ರಮಣದ ಹೊತ್ತಿಗೆ ಚಿಂಚಗಲ್ಲಿಯ ರೋಗಿಗಳಿಗೆ ಎಲೆ ಕೊಡುವುದನ್ನು ಎಲ್ಲ ಗುತ್ತೇದಾರರೂ ನಿಲ್ಲಿಸಿದ್ದರು. ಔಷಧ ಬಂದದ್ದು ಆ ಗಲ್ಲಿಯವರಿಗಷ್ಟೇ. ಮಿಕ್ಕ ಗಲ್ಲಿಗಳಿಗೆ ಎಲೆ ಬರುತ್ತಿತ್ತು, ಔಷಧ ಬರಲಿಲ್ಲ. ಅಲ್ಲಿಯ ಹೆಂಗಸರು ಕೆಮ್ಮುತ್ತಲೇ ಕಟ್ಟುತ್ತಿದ್ದರು. ಜಾಮೀನಿನ ಮೇಲೆ ಹೊರಬಂದ ಸಕ್ಕುಬಾಯಿಗೆ ಯಾವ ಕಚೇರಿಯೂ ಕೆಲಸ ಕೊಡಲಿಲ್ಲ. ಲಕ್ಕವ್ವ ಹಸಿದ ಹೊಟ್ಟೆಯಲ್ಲಿ ಗುಳಿಗೆ ನುಂಗಿ ವಾಂತಿ ಮಾಡಿಕೊಳ್ಳುತ್ತಿದ್ದಳು. ಮಾಘದಲ್ಲಿ ಗುಳಿಗೆಯನ್ನೂ ಬಿಟ್ಟಳು, ಶಿವರಾತ್ರಿ ನೋಡಲಿಲ್ಲ.

ದೋಷಾರೋಪಣ ಪತ್ರದ ಕೊನೆಯಲ್ಲಿ, ಯಾರೂ ಕೇಳದಿದ್ದರೂ, ಭೀಮಗೊಂಡರು ತಮ್ಮ ಕೈಯಾರೆ ಒಂದು ಸಾಲು ಸೇರಿಸಿದ್ದರು: 'ಆರೋಪಿತಳು ತನ್ನ ತಾಯಿಯ ಕೂಲಿಯನ್ನೂ ನೆರೆಯವರ ಕೂಲಿಯನ್ನೂ ಉಳಿಸಲು ಈ ಕೃತ್ಯ ಎಸಗಿದ್ದಾಳೆ, ತನ್ನವರ ಸರದಿಯನ್ನು ಕೊನೆಗೆ ಇಟ್ಟಿದ್ದಾಳೆ.' ನ್ಯಾಯಾಲಯ ಅದನ್ನು ಅಪ್ರಸ್ತುತವೆಂದು ಹೊಡೆದುಹಾಕಿತು.

ಇದನ್ನು ಓದಿದವರಿಗೂ, ಓದುವುದನ್ನು ಕುಳಿತು ಕೇಳಿದವರಿಗೂ, ಅವರ ಮನೆಮಂದಿಗೂ ಹೊಟ್ಟೆ ತುಂಬ ಅನ್ನವೂ ಎದೆ ತುಂಬ ಉಸಿರೂ ಒಟ್ಟಿಗೇ ದೊರೆಯಲಿ; ಒಂದರ ಸಲುವಾಗಿ ಇನ್ನೊಂದನ್ನು ಬಿಡುವ ದಿನ ಯಾರ ಹೊಸ್ತಿಲಿಗೂ ಬಾರದಿರಲಿ. ಸರ್ವರಿಗೂ ಮಂಗಳವಾಗಲಿ.