ಅಜ್ಜಿಯ ಲ್ಯಾಪ್‌ಟಾಪ್ ಪಾಸಾಗಬೇಕೇ?

"ವೈಫೈ ಒಂದು ಸಿಗ್ತಿಲ್ಲ ನೋಡು," ಎಂದು ಅತ್ತೆ ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು.

ಚೂಟಿ ಎರಡು ಕೈಯನ್ನೂ ತೊಡೆಯ ಕೆಳಗೆ ಸಿಕ್ಕಿಸಿಕೊಂಡು ಕೂತಿದ್ದಳು.

ಮೇಜಿನ ಮೇಲಿದ್ದದ್ದು ಅಜ್ಜಿಯ ಲ್ಯಾಪ್‌ಟಾಪ್. ಆನ್ ಮಾಡುವ ಬಟನ್ ಬೇಗ ಕಾಣಲಿ ಅಂತ ಅಜ್ಜಿ ಅದಕ್ಕೆ ಕೆಂಪು ನೇಲ್ ಪಾಲಿಶಿನ ಬೊಟ್ಟಿಟ್ಟಿದ್ದರು. ಅವರು ತೀರಿಕೊಂಡ ಮೇಲೆ ಅದನ್ನು ಯಾರೂ ಮುಟ್ಟಿರಲಿಲ್ಲ. ಈಗ ಚೂಟಿಯ ತಮ್ಮನ ಸ್ಕೂಲಿನ ಕೆಲಸಕ್ಕೆ ಲ್ಯಾಪ್‌ಟಾಪ್ ಬೇಕಾಗಿತ್ತು. ಇದೋ, ಆಮೆಗೇ ಬೇಜಾರಾಗುವಷ್ಟು ನಿಧಾನ.

ಅತ್ತೆ ಅಂದರೆ ಅಪ್ಪನ ಅಕ್ಕ. ಕಂಪ್ಯೂಟರ್ ರಿಪೇರಿಯೇ ಅವರ ಕೆಲಸ. ಲಿನಕ್ಸ್ ಎಂಬ ಹಗುರ ಆಪರೇಟಿಂಗ್ ಸಿಸ್ಟಮ್ ಹಾಕಿದರೆ ಇದು ಚುರುಕಾಗುತ್ತದೆ ಎಂದಿದ್ದರು. ಆದರೆ ಎಲ್ಲ ಲ್ಯಾಪ್‌ಟಾಪಿಗೂ ಲಿನಕ್ಸ್ ಒಗ್ಗುವುದಿಲ್ಲವಂತೆ. ಅದಕ್ಕೇ ಮೊದಲು ಪೆನ್‌ಡ್ರೈವಿನಿಂದಲೇ ಲಿನಕ್ಸ್ ಓಡಿಸಿ, ಕೀಲಿಮಣೆ, ವೈಫೈ, ಸೌಂಡ್ ಎಲ್ಲ ಕೆಲಸ ಮಾಡುತ್ತವೆಯೇ ಎಂದು ನೋಡಬೇಕು. ಪಾಸಾದರೆ, ಒಳಗೆ ಇರುವುದನ್ನೆಲ್ಲ ಅಳಿಸಿ ಲಿನಕ್ಸ್ ಹಾಕುವುದು.

ಅಳಿಸುವ ಮಾತು ಕೇಳಿದ್ದೇ ತಡ, ಚೂಟಿ ಮೇಜಿನ ಹತ್ತಿರ ಬಂದು ಕೂತಿದ್ದಳು. ಅತ್ತೆ ನೀರು ಕುಡಿಯಲು ಎದ್ದಾಗ, ಲ್ಯಾಪ್‌ಟಾಪಿನ ಅಂಚಿನಲ್ಲಿದ್ದ ಪುಟ್ಟ ವೈಫೈ ಸ್ವಿಚ್ಚನ್ನು ಸದ್ದಿಲ್ಲದೆ ಸರಿಸಿ ಆಫ್ ಮಾಡಿದ್ದಳು. ಆ ಸ್ವಿಚ್ಚು ಅತ್ತೆಗೆ ಗೊತ್ತಿಲ್ಲವೆಂದಲ್ಲ. ಆನ್ ಇದ್ದದ್ದನ್ನು ಶುರುವಿನಲ್ಲೇ ನೋಡಿದ್ದರು. ಮತ್ತೆ ನೋಡುವ ಗೋಜಿಗೆ ಹೋಗಲಿಲ್ಲ.

ಪೆನ್‌ಡ್ರೈವ್ ತೆಗೆದು ಮತ್ತೆ ಹಾಕಿದರು. ಮತ್ತೆ ಮೊದಲಿನಿಂದ ಶುರು ಮಾಡಿದರು. ಏನು ಮಾಡಿದರೂ ವೈಫೈ ಜಪ್ಪಯ್ಯ ಎನ್ನಲಿಲ್ಲ.

"ಇದಕ್ಕೂ ಲಿನಕ್ಸಿಗೂ ಆಗಿಬರಲ್ಲ ಅಂತ ಕಾಣತ್ತೆ," ಎಂದು ಅತ್ತೆ ನಿಟ್ಟುಸಿರುಬಿಟ್ಟರು. "ಇನ್ನೇನು, ಗುಜರಿಗೆ ಹಾಕೋದೇ."

ಚೂಟಿ ಇದನ್ನು ಎಣಿಸಿರಲಿಲ್ಲ. ಫೇಲಾದರೆ ಲ್ಯಾಪ್‌ಟಾಪ್ ಇದ್ದ ಹಾಗೇ ಮನೆಯಲ್ಲಿ ಉಳಿಯುತ್ತದೆ ಎಂದುಕೊಂಡಿದ್ದಳು. ತೊಡೆಯ ಕೆಳಗಿನಿಂದ ಕೈ ತೆಗೆದು ಸ್ವಿಚ್ಚನ್ನು ಹಿಂದಕ್ಕೆ ಸರಿಸಿದಳು. ಪರದೆಯ ಮೂಲೆಯಲ್ಲಿ ವೈಫೈ ಗುರುತು ಮೂಡಿತು.

ಅತ್ತೆ ಆ ಗುರುತನ್ನು ನೋಡಿದರು, ಆಮೇಲೆ ಅವಳ ಮುಖ ನೋಡಿದರು. ಬೈಯಲಿಲ್ಲ. ಯಾಕೆ ಎಂದಷ್ಟೇ ಕೇಳಿದರು.

"ಎಲ್ಲ ಅಳಿಸ್ತೀನಿ ಅಂದ್ರಲ್ಲ ಅತ್ತೆ. ಅದ್ರಲ್ಲಿ ಅಜ್ಜಿ ವಿಡಿಯೋ ಇದೆ."

ಅತ್ತೆಗೆ ಅದು ಗೊತ್ತೇ ಇರಲಿಲ್ಲ. ಈಗ ಓಡುತ್ತಿರುವುದು ಪೆನ್‌ಡ್ರೈವಿನಿಂದ, ಒಳಗಿನ ಫೈಲುಗಳಿಗೆ ಏನೂ ಆಗಿಲ್ಲ, ಅಳಿಸುವ ಮೊದಲು ಬೇಕಾದ್ದನ್ನೆಲ್ಲ ಕಾಪಿ ಮಾಡಿಟ್ಟುಕೊಳ್ಳೋಣ ಎಂದು ಮೆಲ್ಲಗೆ ಹೇಳಿದರು. ವಿಡಿಯೋ ಎಲ್ಲಿದೆ ತೋರಿಸು ಎಂದರು.

ಚೂಟಿ ಹುಡುಕಿ ಒತ್ತಿದಳು. ಪರದೆ ತುಂಬ ಅಜ್ಜಿಯ ಮುಖ, ಕ್ಯಾಮೆರಾಗೆ ತೀರಾ ಹತ್ತಿರ.

"ಏನೇ ಇದು, ನನ್ನ ಮೂಗು ಇಷ್ಟು ದಪ್ಪ ಇದೆಯಾ?" ಎಂದು ಅಜ್ಜಿ ನಕ್ಕರು. ಹಿಂದೆಯೇ, ವಿಡಿಯೋ ತೆಗೆಯುತ್ತಿದ್ದ ಚೂಟಿಯ ನಗುವೂ ಕೇಳಿಸಿತು.

"ಸೌಂಡೂ ಬರ್ತಿದೆ," ಎಂದರು ಅತ್ತೆ.

ವಿಡಿಯೋ ಮುಗಿಯಿತು. ಅತ್ತೆ ಅದನ್ನೇ ಮತ್ತೆ ಒತ್ತಿದರು. ಚೂಟಿ ಅವರನ್ನೇ ನೋಡಿದಳು. ಅದೇ ದಪ್ಪ ಮೂಗು. ಅಜ್ಜಿ ಅತ್ತೆಗೆ ಅಮ್ಮ. ಅದು ಗೊತ್ತಿದ್ದದ್ದೇ, ಆದರೂ ಇಷ್ಟು ದಿನ ಅಜ್ಜಿಯನ್ನು ಕಳೆದುಕೊಂಡವಳು ತಾನೊಬ್ಬಳೇ ಎಂದುಕೊಂಡಿದ್ದಳು.

ಅವಳು ಕುರ್ಚಿಯನ್ನು ಅತ್ತೆಯ ಪಕ್ಕಕ್ಕೆ ಎಳೆದುಕೊಂಡಳು. ವಿಡಿಯೋ ಮುಗಿದಾಗ, ಈ ಸಲ ತಾನೇ ಒತ್ತಿದಳು.