ಡಬ್ಬಿಯಲ್ಲಿ ಎರಡು ಮೊಹರು

ಶನಿವಾರ ಬೆಳಿಗ್ಗೆ 9.20ಕ್ಕೆ ದಮನ್‌ಹೂರ್ ಠಾಣೆಗೆ ದೂರು ಬಂತು. ತವೀಲಾ ಔಷಧ ವಿತರಣಾ ಕಂಪನಿಯ ಒಡತಿ ಮೇಡಂ ಇಂಜಿ ಖುದ್ದಾಗಿ ಬಂದಿದ್ದರು. ಬೀಗ ಹಾಕಿ ಅರಗಿನ ಮೊಹರು ಒತ್ತಿದ್ದ ಕೋಣೆಯಿಂದ ಕಂಪನಿಯ ಸರ್ವರ್ ಮಾಯವಾಗಿತ್ತು. ಬೆಳಿಗ್ಗೆ ಬಾಗಿಲು ತೆರೆಯುವಾಗ ಮೊಹರು ಮಾತ್ರ ಹಾಕಿದ ಹಾಗೇ ಇತ್ತು. ಊರವರು ಗೌರವದಿಂದ ‘ಪಾಶಾ’ ಎಂದು ಕರೆಯುವ ಇನ್ಸ್‌ಪೆಕ್ಟರ್ ಗನ್ನಾಮ್ ಚಹಾದ ಲೋಟ ಕೆಳಗಿಟ್ಟ. ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ಗೋಡೆಗೆ ಕನ್ನ ಹಾಕಿದವರನ್ನು ಅವನು ಕಂಡಿದ್ದ, ಗೋಡೆಯೊಳಗಿಂದ ತೂರಿಹೋಗುವ ಜಿನ್ನಿಯನ್ನು ಕಂಡಿರಲಿಲ್ಲ.

“ಒಂದು ಪೆಟ್ಟಿಗೆ ತಾನೇ ಮೇಡಂ? ಹೊಸದು ತಗೋಬಹುದಲ್ಲ.”

“ಪೆಟ್ಟಿಗೆ ಹಾಳಾಗಿ ಹೋಗ್ಲಿ ಪಾಶಾ. ಹತ್ತೊಂಬತ್ತು ಆಸ್ಪತ್ರೆಗೆ ಡಯಾಲಿಸಿಸ್ ದ್ರಾವಣ ಕಳಿಸೋರು ನಾವು. ಯಾರಿಗೆ ಎಷ್ಟು, ಯಾವತ್ತು, ಎಲ್ಲಾ ಅದರೊಳಗಿದೆ. ಇವತ್ತು ಎರಡು ಗಂಟೆಗೆ ಲಾರಿ ಹೊರಡ್ಬೇಕು. ತಪ್ಪಿದ್ರೆ ನಾಳೆ ರೋಗಿಗಳ ಗತಿ ಏನು?”

“ಇನ್ನೊಂದು ಪ್ರತಿ ಇಟ್ಟಿರಲಿಲ್ವಾ?”

“ಇತ್ತು. ಅದೇ ಕೋಣೆಯಲ್ಲಿ. ಅದೂ ಹೋಯ್ತು.”

ಬೀಗ, ಬೀಗದಕೈ ಎರಡನ್ನೂ ಒಂದೇ ಮೊಳೆಗೆ ತೂಗುಹಾಕುವ ಜನ ಎಲ್ಲ ಕಾಲಕ್ಕೂ ಇರುತ್ತಾರೆ. ಗನ್ನಾಮ್ 9.40ಕ್ಕೆ ಎಫ್‌ಐಆರ್ ದಾಖಲಿಸಿ, ಕಾನ್‌ಸ್ಟೆಬಲ್ ಶಹಾತಾನನ್ನು ಕರೆದುಕೊಂಡು ಹೊರಟ.

10.05ಕ್ಕೆ ಸ್ಥಳ ಮಹಜರು ಶುರುವಾಯಿತು. ಕೋಣೆಗೆ ಕಿಟಕಿಯಿಲ್ಲ, ಬೀಗಕ್ಕೆ ಗೀರಿಲ್ಲ. ಬಾಗಿಲಲ್ಲಿ ಸರ್ವತ್ ಎಂಬ ಯುವಕ ಗಡಿಯಾರ ನೋಡುತ್ತ ನಿಂತಿದ್ದ. ಕ್ಲೌಡ್ ಕಂಪನಿಯವನು. ಲೆಕ್ಕ, ಬೇಡಿಕೆ, ರವಾನೆ ಎಲ್ಲ ನೋಡಿಕೊಳ್ಳುವ ಸಾಫ್ಟ್‌ವೇರು ಸ್ವಂತ ಯಂತ್ರದಲ್ಲಿರಬೇಕೋ, ನೆಟ್ ಮೂಲಕ ದೂರದ ಇವರ ಯಂತ್ರಗಳಲ್ಲಿರಬೇಕೋ ಎಂದು ಆರು ತಿಂಗಳು ಜಗಳವಾಗಿ, ಗುರುವಾರ ಮಧ್ಯಾಹ್ನ ಕ್ಲೌಡ್ ಎಂದು ತೀರ್ಮಾನವಾಗಿತ್ತು. ಈ ದಿನ ಹನ್ನೊಂದಕ್ಕೆ ಎಲ್ಲವನ್ನೂ ಅಲ್ಲಿಗೆ ಸಾಗಿಸಿ, ಹಳೆಯ ಯಂತ್ರವನ್ನು ಅಳಿಸಿ ಗುಜರಿಗೆ ಹಾಕಬೇಕಿತ್ತು.

“ಯಂತ್ರ ಹೋದ್ರೆ ನಿನಗೇ ಲಾಭ ಅಲ್ವೇನಯ್ಯಾ?”

“ಒಳ್ಳೇ ಮಾತು ಪಾಶಾ! ಖಾಲಿ ಮಡಕೆಯಿಂದ ನಾನೇನು ಬಡಿಸ್ಲಿ? ಅದರೊಳಗಿದ್ದದ್ದು ಸಿಗದಿದ್ರೆ ನನ್ನ ಕೆಲಸಕ್ಕೂ ಕಲ್ಲು.”

ನ್ಯಾಯವೇ. ಗನ್ನಾಮ್ ಅವನನ್ನು ಬಿಟ್ಟು ಹಾಜಿ ಬಸ್ಯೂನಿಯ ಕಡೆ ತಿರುಗಿದ. ಆ ಕಂಪನಿಯಲ್ಲಿ ಪ್ರತಿಯೊಂದು ವಸ್ತುವಿಗೂ ಒಬ್ಬ ಹೊಣೆಗಾರನ ಹೆಸರಿದೆ, ಸರ್ವರ್‌ಗೆ ಬಸ್ಯೂನಿಯ ಹೆಸರು. ವಯಸ್ಸು ಅರವತ್ತೊಂದು. ಮೊಹರು ಒತ್ತುವ ಹಿತ್ತಾಳೆಯ ಮುದ್ರೆ ಅವರ ಕೊರಳಲ್ಲೇ ತೂಗುತ್ತಿತ್ತು.

“ಮೊಹರು ಯಾವಾಗ ಹಾಕಿದ್ರಿ ಹಾಜಿ?”

“ಗುರುವಾರ ಸಂಜೆ ಐದಕ್ಕೆ.”

“ಒಡೆದದ್ದು?”

“ಇವತ್ತು ಬೆಳಿಗ್ಗೆ, ಮೇಡಂ ಎದುರಿಗೆ.”

“ಒಡೆದ ಅರಗು ಎಲ್ಲಿ?”

ಬಸ್ಯೂನಿ ಹಲ್ವಾದ ಹಳೆಯ ಡಬ್ಬಿ ತೋರಿಸಿದರು. ಒಡೆದ ಅರಗನ್ನು ಎಸೆಯುವ ಹಾಗಿಲ್ಲ, ಇದರಲ್ಲಿ ಹಾಕಬೇಕು. ಗುರುವಾರ ಸಂಜೆ ಕರಗಿಸಿ ಡಬ್ಬಿ ಖಾಲಿ ಮಾಡಬೇಕು. ಮೂವತ್ತು ವರ್ಷದ ರೂಢಿ.

“ಈ ಗುರುವಾರ ಖಾಲಿ ಮಾಡಿದ್ರಾ?”

“ಮಾಡ್ದೆ. ಮೇಡಂ ನೋಡಿದ್ದಾರೆ.”

ಇಂಜಿ ಹೌದೆಂದು ತಲೆಯಾಡಿಸಿದರು. ಶಹಾತಾ ಮೇಜಿನ ಮೇಲೆ ಡಬ್ಬಿ ಸುರಿದ. ಒಡೆದ ಮೊಹರು ಒಂದಿರಬೇಕಾದಲ್ಲಿ ಎರಡು ಬಿದ್ದವು. ಅಂದರೆ ನಡುವೆ ಯಾರೋ ಒಮ್ಮೆ ಒಡೆದು, ಮತ್ತೆ ಒತ್ತಿದ್ದರು. ಹಾಜಿಯ ಕೈ ತಾನಾಗಿ ಕೊರಳಿನ ಮುದ್ರೆಗೆ ಹೋಯಿತು. ಗನ್ನಾಮ್ ಅದನ್ನು ಕಂಡ.

10.50ಕ್ಕೆ ಅವನು ಸರಕು ತುಂಬುವ ಕಟ್ಟೆಗೆ ಹೋದ. ಯಂತ್ರವಿಲ್ಲದೆ ಅಲ್ಲಿ ಗಲಾಟೆಯಿರಬೇಕಿತ್ತು. ಆದರೆ ಮಿತ್ವಲ್ಲಿ ಎಂಬ ಮೇಸ್ತ್ರಿ ಬೀನ್ಸ್ ತುಂಬಿದ ರೊಟ್ಟಿ ತಿನ್ನುತ್ತ ಆಳುಗಳಿಂದ ಲಾರಿ ತುಂಬಿಸುತ್ತಿದ್ದ.

“ಯಾವ ಆಸ್ಪತ್ರೆಗೆ ಎಷ್ಟು ಅಂತ ನಿನಗ್ಯಾರಪ್ಪಾ ಹೇಳಿದ್ದು?”

“ಪಟ್ಟಿ ಇದೆಯಲ್ಲ ಪಾಶಾ. ಹಾಜಿ ಗುರುವಾರಾನೇ ಕೊಟ್ರು.”

“ಯಾವಾಗ್ಲೂ ಇಷ್ಟು ಮುಂಚೇನೇ ಕೊಡ್ತಾರಾ?”

“ಎಲ್ಲಿ! ಹೊರಡೋ ದಿನ ಬೆಳಿಗ್ಗೆ ಕೊಡೋದು. ಈ ಸಲ ಯಾಕೋ ಮುದುಕನಿಗೆ ಆತುರ.”

ಪಟ್ಟಿಯ ತಲೆಯಲ್ಲಿ ಅಚ್ಚಾದ ಹೊತ್ತು: ಗುರುವಾರ, 4.50. ಶನಿವಾರ ಯಂತ್ರ ಇರುವುದಿಲ್ಲವೆಂದು ಒಬ್ಬರಿಗೆ ಮೊದಲೇ ಗೊತ್ತಿತ್ತು. ಶುಕ್ರವಾರದ ನಮಾಜಿಗೆ ತಾನು ಒಂದು ಗಂಟೆ ಗೇಟು ಬಿಟ್ಟು ಹೋಗಿದ್ದಾಗಿ ಕಾವಲುಗಾರ ಒಪ್ಪಿಕೊಂಡ. ಆ ಹೊತ್ತು ಹಾಜಿ ಒಳಗೇ ಇದ್ದರಂತೆ.

“ಅವರ ಮನೆ ಶೋಧಿಸೋಣ್ವಾ?” ಎಂದ ಶಹಾತಾ.

“ಬೇಡ. ಮೂವತ್ತು ವರ್ಷ ಕಂಪನಿ ಸಾಮಾನಿಗೆ ಮೊಹರು ಹಾಕಿದವನು ಅದನ್ನ ಗೇಟು ದಾಟಿಸಲ್ಲ. ಗೋದಾಮಲ್ಲಿ ಹೊಸ ಮೊಹರು ಎಲ್ಲಿದೆ, ಅಷ್ಟು ಹುಡುಕು. ಕದ್ದ ಮೇಲೆ ಬಾಗಿಲಿಗೇ ಮೊಹರು ಒತ್ತಿದ ಆಸಾಮಿ, ಪೆಟ್ಟಿಗೆಗೆ ಒತ್ತದೆ ಬಿಟ್ಟಾನಾ?”

11.35ಕ್ಕೆ, ಖಾಲಿ ಡ್ರಮ್ಮುಗಳ ಹಿಂದೆ, ಕಂಬಳಿ ಸುತ್ತಿದ ಮರದ ಪೆಟ್ಟಿಗೆ ಸಿಕ್ಕಿತು. ನಾಲ್ಕು ಮೂಲೆಗೂ ಕೆಂಪು ಮೊಹರು. ಒಳಗೆ ಸರ್ವರ್, ಪಕ್ಕದಲ್ಲಿ ಅದರ ಪ್ರತಿ.

ಬಸ್ಯೂನಿ ಕೊರಳಿನ ಮುದ್ರೆ ತೆಗೆದು ಮೇಜಿನ ಮೇಲಿಟ್ಟರು.

“ಯಾಕೆ ಹಾಜಿ?”

“ಎರಡು ವರ್ಷದ ಕೆಳಗೆ ರಸ್ತೆ ಅಗೆಯೋರು ತಂತಿ ಕಡಿದ್ರಲ್ಲ, ನಾಲ್ಕು ದಿನ ಊರಿಗೇ ನೆಟ್ ಇರಲಿಲ್ಲ. ನಮ್ಮ ಲಾರಿ ಒಂದೂ ನಿಲ್ಲಲಿಲ್ಲ. ಯಾಕೆ? ಯಂತ್ರ ನಮ್ಮಲ್ಲೇ ಇತ್ತು. ಪಟ್ಟೀಲಿ ಐದನೇ ಆಸ್ಪತ್ರೆ ನೋಡಿ ಪಾಶಾ. ವಾರಕ್ಕೆ ಮೂರು ಸಲ ನನ್ನ ಹೆಂಡ್ತಿ ಡಯಾಲಿಸಿಸ್‌ಗೆ ಅಲ್ಲೇ ಮಲಗ್ತಾಳೆ. ಈ ಹುಡುಗನ್ನ ಕೇಳ್ದೆ, ಅಲ್ಲಿ ನಿಂತುಹೋದ್ರೆ ಯಾರನ್ನ ಹಿಡ್ಕೊಳ್ಲಿ ಅಂತ. ಒಂದು ಫೋನ್ ನಂಬರ್ ಕೊಟ್ಟ.”

ಸರ್ವತ್ ತಲೆ ತಗ್ಗಿಸಿದ. ಇಂಜಿಗೆ ಅಳು ಬಂತು, ಕೋಪವೂ ಬಂತು.

“ನನಗೊಂದು ಮಾತು ಹೇಳ್ಬಾರದಿತ್ತಾ ಹಾಜಿ?”

“ಆರು ತಿಂಗಳು ಹೇಳ್ದೆ ತಾಯಿ. ನೀವು ಮುದುಕನ ಹಟ ಅಂದ್ರಿ.”

ಇಂಜಿ ಕಣ್ಣೊರೆಸಿಕೊಂಡು ಸರ್ವತ್‌ಗೆ ಹೇಳಿದರು: “ಕೆಲಸ ನಿಮ್ಮಲ್ಲೇ ನಡೀಲಿ. ಆದ್ರೆ ಈ ಯಂತ್ರ ಅಳಿಸ್ಬೇಡಿ. ದಿನಾ ಸಂಜೆ ಎಲ್ಲದರ ಪ್ರತಿ ಇದಕ್ಕೆ ಬರ್ಬೇಕು. ತಂತಿ ಕಡಿದ ದಿನ ಇದೇ ಓಡ್ಬೇಕು. ಆಗುತ್ತಾ?”

“ಆಗುತ್ತೆ ಮೇಡಂ. ಮೊದಲೇ ಕೇಳಿದ್ರೆ ಮೊದಲೇ ಆಗ್ತಿತ್ತು.”

ಆಮೇಲೆ ಇಂಜಿ ಗನ್ನಾಮ್ ಕಡೆ ತಿರುಗಿದರು: “ದೂರು ವಾಪಸ್ ತಗೊಳ್ಲಾ ಪಾಶಾ?”

“ಪ್ರಾಸಿಕ್ಯೂಟರ್ ಮುಂದೆ ಹೇಳಿ ಮೇಡಂ. ಅವರು ಕೇಳ್ತಾರೆ. ನಾನು ಈಗ ಕರ್ಕೊಂಡು ಹೋಗ್ಲೇಬೇಕು.”

1.40ಕ್ಕೆ ಬಂಧನದ ಕಾಗದಕ್ಕೆ ಸಹಿಯಾಯಿತು. ಆರೋಪಿ ಸ್ವಂತ ಲಾಭಕ್ಕಾಗಿ ಏನನ್ನೂ ಮಾಡಿಲ್ಲ, ತನ್ನ ಮಾತು ಯಾರೂ ಕೇಳದ ಕಾರಣ ಮಾಡಿದ್ದಾನೆ ಎಂದು ಗನ್ನಾಮ್ ವರದಿಯ ಕೊನೆಗೆ ಬರೆದ. ಸಾಕ್ಷ್ಯದ ಲಕೋಟೆಯಲ್ಲಿ ಹಿತ್ತಾಳೆ ಮುದ್ರೆಯನ್ನು ಹಾಕಿ ಶಹಾತಾ ಠಾಣೆಯ ಮೊಹರು ಒತ್ತಲು ಹೋದ.

“ಅರಗು ಆರಿದೆ ಮಗಾ, ಹಿಡಿಯಲ್ಲ,” ಎಂದರು ಬಸ್ಯೂನಿ. “ಇನ್ನೊಂದ್ಸಲ ಕಾಯಿಸು.”

ಶಹಾತಾ ಕಾಯಿಸಿ ಒತ್ತಿದ. ಜೀಪು ಗೇಟು ದಾಟುವಾಗ ಹಿಂದಿನಿಂದ ಸರಕು ತುಂಬಿದ ಎರಡು ಲಾರಿಗಳು ಬಂದವು, ದಾರಿ ಬಿಡಲು ಗನ್ನಾಮ್ ಜೀಪನ್ನು ಬದಿಗೆ ನಿಲ್ಲಿಸಿದ.

“ಗಂಟೆ ಎಷ್ಟು ಪಾಶಾ?” ಎಂದರು ಬಸ್ಯೂನಿ.

“ಎರಡು.”

ಬಸ್ಯೂನಿ ಎರಡು ಲಾರಿಗಳನ್ನೂ ಎಣಿಸಿದರು. ಆಮೇಲೆ ಕೇಳಿದರು: “ನಾಳೆ ಎಂಟಕ್ಕೆ ನನ್ನವಳನ್ನ ಆಸ್ಪತ್ರೆಗೆ ಯಾರು ಕರ್ಕೊಂಡು ಹೋಗ್ತಾರೆ?”

ಗನ್ನಾಮ್ ಜೇಬಿನಿಂದ ಡೈರಿ ತೆಗೆದ. “ಮನೆ ವಿಳಾಸ ಹೇಳಿ ಹಾಜಿ,” ಎಂದು, ಭಾನುವಾರದ ಹಾಳೆಯಲ್ಲಿ ತನ್ನದೇ ಹೆಸರು ಬರೆದುಕೊಂಡ.