ತಂಗಿ ಅಂದವನು

ಮೊದಲ ದಿನವೇ ಅವನು ನನ್ನನ್ನು ತಂಗಿ ಅಂದ. ಅದಕ್ಕೇ ನನಗೆ ಅವನ ಮೇಲೆ ಮೈಯೆಲ್ಲ ಉರಿ.

ಮಾರೇನಹಳ್ಳಿಯ ನಮ್ಮ ಮನೆ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತ ಕೂತಿದ್ದೆ. ನಮ್ಮಣ್ಣ ಬೈರಪ್ಪ ಕೆರೆ ಬಯಲಿನಲ್ಲಿ ಫುಟ್ಬಾಲ್ ಆಡಿ, ಮೈತುಂಬ ಧೂಳು ಮಾಡಿಕೊಂಡು, ಮಿಲ್ಲಿನ ಇಬ್ಬರು ಗೆಳೆಯರನ್ನು ಕರೆತಂದ. ಒಬ್ಬ ಗೋಲ್‌ಕೀಪರ್ ಲಕ್ಷ್ಮೀಪತಿ, ನಮಗೆ ಹಳಬ. ಇನ್ನೊಬ್ಬ ಹೊಸಪೇಟೆ ಕಡೆಯಿಂದ ಬಂದು ಮಿಲ್ಲಿಗೆ ಸೇರಿದ್ದ ಲಿಂಗಾಯತರ ಹುಡುಗ, ಜಂಬಣ್ಣ. ಎತ್ತರದ ಆಳು, ಎಣ್ಣೆಗಪ್ಪು, ಕಾಲಲ್ಲಿ ಬೂಟು. ತಲೆ ಎತ್ತಿ ನೋಡಿದೆ. ನೋಡಿದ್ದು ಸ್ವಲ್ಪ ಜಾಸ್ತಿಯೇ ಆಯಿತು.

"ತಂಗೀ, ಒಂಚೂರು ನೀರು ಕೊಡವ್ವಾ," ಅಂದ.

ನಮ್ಮ ಕಡೆ ಗಂಡಸು ಒಬ್ಬಳನ್ನು ತಂಗಿ ಅಂದರೆ ಅಲ್ಲಿಗೆ ಮುಗಿಯಿತು. ಒಳಗಿನಿಂದ ಕೇಳಿಸಿಕೊಂಡ ನಮ್ಮವ್ವ ಹನುಮಕ್ಕ ಮುಖ ಅರಳಿಸಿಕೊಂಡು ಬಂದಳು. "ಬಾಪ್ಪಾ ಒಳಕ್ಕೆ. ಬಾಯ್ತುಂಬ ತಂಗಿ ಅಂದೆ, ಇನ್ನು ನೀನೂ ಈ ಮನೆ ಮಗನೇ." ಲಕ್ಷ್ಮೀಪತಿಯನ್ನೇ ವರ್ಷಗಟ್ಟಲೆ ಜಗಲಿಯಲ್ಲಿ ಕೂರಿಸಿದ ಅವ್ವ, ಇವನನ್ನು ಒಂದೇ ಮಾತಿಗೆ ಹೊಸ್ತಿಲು ದಾಟಿಸಿದಳು.

ಅಲ್ಲಿಂದ ಭಾನುವಾರ ಬಂತೆಂದರೆ ಆಟ ಮುಗಿಸಿ ಮೂವರೂ ನಮ್ಮ ಮನೆಗೇ ಊಟಕ್ಕೆ. ಜಂಬಣ್ಣನಿಗಾಗಿ ಅವ್ವ ಕೋಳಿ ಕೈಬಿಟ್ಟು ಹಿತಕಿದ ಬೇಳೆ ಸಾರು ಮಾಡುವಳು. ಅವನೋ, ದೇವರೇ, ಮುದ್ದೆಯನ್ನು ಅಗಿದು ತಿನ್ನುತ್ತಿದ್ದ.

"ಲೇ ಮಗಾ, ಮುದ್ದೆ ಅಗಿಬಾರ್ದು ಕಣೋ. ನುಂಗ್ಬೇಕು," ಅನ್ನುತ್ತಿದ್ದ ಬೈರಪ್ಪ.

"ನುಂಗಿದ್ರ ರುಚಿ ಹೆಂಗ್ ಗೊತ್ತಾಗ್ತತಿ?"

"ಗಂಟ್ಲಿಗೆ ಗೊತ್ತಾಯ್ತದೆ. ಬೂಟ್ ಹಾಕ್ಕೊಂಡು ಚೆಂಡು ಒದೆಯೋನ್ಗೆ ಚೆಂಡಿನ ರುಚೀನೇ ಗೊತ್ತಿಲ್ಲ, ಇನ್ನು ಮುದ್ದೆ!"

"ಬರಿಗಾಲಾಗ ಆಡೋ ಕಾಲ ಹೋತು ದೋಸ್ತ. ಮಿಲ್ಲಿನವ್ರು ಬೂಟ್ ಕೊಟ್ಟಾರಲ್ಲ, ಹಾಕ್ಕೋ."

"ಕೊಟ್ಟವ್ರೆ. ಅಟ್ಟದ ಮೇಲವೆ. ಇಲಿ ಸಂಸಾರ ಹೂಡೈತೆ ಅದ್ರಲ್ಲಿ."

ಲಕ್ಷ್ಮೀಪತಿ ತನ್ನ ಗೋಳು ಶುರುಮಾಡುವನು. "ಮೊನ್ನೆ ಕೆಲ್ಸ ತಪ್ಪಿಸಿ ಹೋಟ್ಲಲ್ಲಿ ಮಸಾಲೆ ದೋಸೆ ಬಾಯಿಗಿಡ್ತಿದೀನಿ, ಸೂಪರ್‌ವೈಸರ್ ಬಂದ್ಬಿಟ್ಟ ಗುರು. ಅರ್ಧ ದೋಸೆ ಕೈಯಲ್ಲೇ ಹಿಡ್ಕೊಂಡು ಓಡ್ದೆ."

"ಅದಕ್ಕೇ ನಿನ್ನ ಕೈಲಿ ಚೆಂಡು ನಿಲ್ಲಲ್ಲ. ಜಿಡ್ಡು ಇನ್ನೂ ಹೋಗಿಲ್ಲ!" ಅನ್ನುವನು ಬೈರಪ್ಪ.

ಅವ್ವ ಕೂಡ ಸೆರಗಿನಲ್ಲಿ ಬಾಯಿ ಮುಚ್ಚಿ ನಗುವಳು. ನಾನು ಬಡಿಸುತ್ತಿದ್ದೆ. ಜಂಬಣ್ಣ ತಟ್ಟೆಗೆ ಕೈ ಅಡ್ಡ ಹಿಡಿದು ಸಾಕು ಅನ್ನುವನು, ಕಣ್ಣು ಮಾತ್ರ ತಟ್ಟೆಯ ಮೇಲೆ ಇರುತ್ತಿರಲಿಲ್ಲ. ಹಾಗೆ ನೋಡಿದ ತಪ್ಪಿಗೆ ಇನ್ನೊಂದು ಸೌಟು ಸುರಿಯುತ್ತಿದ್ದೆ.

ಒಂದು ದಿನ ಹಿತ್ತಿಲಲ್ಲಿ ಕೈಗೆ ನೀರು ಹಾಕುತ್ತ ಕೆಣಕಿದೆ. "ನಿಮ್ಮ ಹೆಸರಲ್ಲೇ ಅಣ್ಣ ಇದೆ. ಅದನ್ನ ತೆಗೆದ್ರೆ ಉಳಿಯೋದು ಬರೀ ಜಂಬ."

ಅವನು ನಕ್ಕ. "ಯಾಕ್ ತೆಗೀಬೇಕು?"

"ಇಟ್ಕೊಳಿ. ತಂಗಿ ಅಂದಿದೀರಲ್ಲ."

"ನಮ್ಮ ಕಡಿ ಹಾದ್ಯಾಗ ಹೋಗೋ ಹುಡುಗೀಗೂ ತಂಗಿ ಅಂತೀವಿ. ಮರ್ಯಾದಿ ಮಾತದು. ಇಲ್ಲಿ ಬ್ಯಾರೆ ಏನರ ಅರ್ಥ ಐತೇನು?"

"ಇಲ್ಲಿ ಅಂದ್ರೆ ಅಂದಂಗೆ. ಆಮೇಲೆ ಬೇರೆ ಯೋಚನೆ ಮಾಡಂಗಿಲ್ಲ."

ಅವನ ನಗು ನಿಂತಿತು. ಕೈ ತೊಳೆದಾಗಿದ್ದರೂ ಚಾಚಿಕೊಂಡೇ ಇದ್ದ, ನಾನೂ ನೀರು ಹಾಕುತ್ತಲೇ ಇದ್ದೆ.

"ಹಂಗಾದ್ರ ಆ ಮಾತು ವಾಪಸ್ ತಗೊಂತೀನ್ರಿ," ಅಂದ ಮೆಲ್ಲಗೆ.

ಅವತ್ತಿನಿಂದ ನನ್ನನ್ನು ಏನೆಂದೂ ಕರೆಯಲಿಲ್ಲ. "ಇಲ್ನೋಡ್ರಿ," "ಏನ್ರೀ," ಅಷ್ಟೇ. ಆ ಕರೆ ಕೇಳಿದರೆ ಕೈಲಿದ್ದ ಕೆಲಸ ಬಿಟ್ಟು ಓಡುತ್ತಿದ್ದೆ. ನನಗೆ ಅವನು ಬೇಕಾಗಿತ್ತು. ಮುಚ್ಚಿಟ್ಟು ಏನು ಪ್ರಯೋಜನ?

ಬೈರಪ್ಪನ ಕಣ್ಣು ತಪ್ಪಿಸಲಾಗಲಿಲ್ಲ. "ಏನೇ ಪಾಪಿ," ಅಂದ. ಪಾಪಮ್ಮ ಅನ್ನುವ ಹೆಸರನ್ನು ಅವನು ಹಾಗೆ ಕೆಡಿಸಿದ್ದ. "ಅವನ ತಟ್ಟೆಗೆ ಮಾತ್ರ ತುಪ್ಪ ಜಾಸ್ತಿ ಬೀಳ್ತದೆ? ಮಿಲ್ಲಿನ ಟೂರ್ನಮೆಂಟ್ ಮುಗೀಲಿ, ಅವ್ವನತ್ರ ನಾನೇ ಮಾತಾಡ್ತೀನಿ. ಜಾತಿ ಗೀತಿ ಅಂತ ಕೂಗಾಡ್ತಾಳೆ. ನಾನಿದೀನಲ್ಲ."

ಅವನು ಅವ್ವನ ಹತ್ತಿರ ಮಾತಾಡುವುದು ಆಗಲೇ ಇಲ್ಲ. ಬಯಲಿನಲ್ಲಿ ಆಡುವಾಗ ಅವನ ಬರಿಗಾಲಿಗೆ ತುಕ್ಕು ಹಿಡಿದ ಲಾಳದ ಮೊಳೆ ನಾಟಿತು. ಅರಿಶಿನ ಮೆತ್ತಿ ಬಟ್ಟೆ ಕಟ್ಟಿದೆವು. ಮುಂದಿನ ಭಾನುವಾರ ಊಟಕ್ಕೆ ಕೂತವನು ಮುದ್ದೆ ಬಾಯಿಗಿಟ್ಟು, ಹಲ್ಲು ಕಚ್ಚಿ, ನಿಧಾನ ದವಡೆ ಆಡಿಸತೊಡಗಿದ.

"ನೋಡ್ರೋ, ಜಂಬಣ್ಣನ್ನ ಅಣಕಿಸ್ತಾವ್ನೆ!" ಅಂತ ಲಕ್ಷ್ಮೀಪತಿ ಬಿದ್ದು ಬಿದ್ದು ನಕ್ಕ. ನಾವೆಲ್ಲರೂ ನಕ್ಕೆವು, ನಾನಂತೂ ಕಣ್ಣಲ್ಲಿ ನೀರು ಬರುವಷ್ಟು. ಬೈರಪ್ಪ ನಗಲಿಲ್ಲ. ಬಾಯಿ ಬಿಡಲಾಗದೆ ಹಲ್ಲಿನ ಸಂದಿಯಿಂದಲೇ "ಅವ್ವಾ" ಅಂದ. ಆಗ ನಮ್ಮ ನಗು ನಿಂತಿತು.

ಧನುರ್ವಾಯು. ಗಾಡಿ ಕಟ್ಟಿ ಆಸ್ಪತ್ರೆಗೆ ಒಯ್ದರೂ ಉಳಿಯಲಿಲ್ಲ. ಚೆಂಡಿನ ಹಿಂದೆ ಜಿಂಕೆಯಂತೆ ಓಡುತ್ತಿದ್ದ ಮೈ ಸೆಟೆದು, ಬಾಗಿ, ಹಾಗೆಯೇ ತಣ್ಣಗಾಯಿತು. ಮಣ್ಣು ಮಾಡಿ ಬಂದ ಮೇಲೆ ಅವ್ವ ಜಂಬಣ್ಣನ ಎರಡೂ ಕೈ ಹಿಡಿದಳು.

"ನನ್ನ ಮಗ ಹೋದ. ನೀನಿದೀಯ. ಮೊದಲ ದಿನಾನೇ ತಂಗಿ ಅಂದೋನು ನೀನು. ಇವಳನ್ನ ದಡ ಸೇರಿಸೋ ಭಾರ ನಿಂದೇ ಮಗಾ."

ಅವನು ನನ್ನ ಕಡೆ ನೋಡಲಿಲ್ಲ. "ಆತು ಅವ್ವಾ," ಅಂದ.

ಸಾವಾದ ಮನೆಯಲ್ಲಿ ವರ್ಷದೊಳಗೆ ಮದುವೆ ಮಾಡಬೇಕು, ಇಲ್ಲದಿದ್ದರೆ ಬಹಳ ಕಾಲ ಕಾಯಬೇಕು ಅನ್ನುತ್ತಾರೆ ನಮ್ಮವರು. ಮಲ್ಲತ್ತಹಳ್ಳಿಯ ಕೆಂಚಪ್ಪನ ಸಂಬಂಧ ಬಂತು. ಹೊಲ, ತೋಟ ಇದ್ದ ಒಳ್ಳೆಯ ಮನುಷ್ಯ. ಒಳ್ಳೆಯವನಾಗಿದ್ದೇ ನನಗೆ ಸಂಕಟ, ಬೈಯಲೂ ಏನೂ ಸಿಗಲಿಲ್ಲ.

ಹಿತ್ತಿಲಲ್ಲಿ ಜಂಬಣ್ಣನನ್ನು ತಡೆದೆ. "ಅವ್ವಂಗೆ ಹೇಳಿ. ಇಲ್ಲಾಂದ್ರೆ ನಾನೇ ಹೇಳ್ತೀನಿ."

"ಹೆಂಗ್ ಹೇಳ್ಲಿ? ನನ್ನ ತಟ್ಟಿ ಮುಂದ ಕುಂತು ಮಗಾ ಮಗಾ ಅಂತ ಅಳ್ತಾರ. ಅವನ ಜಾಗದಾಗ ಕುಂದ್ರಿಸ್ಯಾರ ನನ್ನ."

"ನನ್ನ ಜಾಗ ಎಲ್ಲಿ ಹಾಗಾದ್ರೆ? ವಾಪಸ್ ತಗೊಂಡೆ ಅಂದಿದ್ದು ಸುಳ್ಳಾ?"

"ಸುಳ್ಳಲ್ರಿ. ನೀವು ಅಂದ್ರ ನನಗ ಜೀವ. ಆದ್ರ ಅವ್ವಗ ಇನ್ನೊಂದ್ ಪೆಟ್ಟು ನಾ ಕೊಡಲಾರೆ."

ನನಗೆ ಬಂದ ಸಿಟ್ಟಿಗೆ ಕೈಯಲ್ಲಿದ್ದ ಕೊಡವನ್ನು ಕಲ್ಲಿಗೆ ಕುಕ್ಕಿದೆ. ಅವ್ವನ ಹತ್ತಿರ ಹೇಳಲೆಂದೇ ಒಳಗೆ ಹೋದೆ. ಅವಳು ಬೈರಪ್ಪನ ಅಂಗಿಯನ್ನು ಮಡಿಚಿ, ಬಿಚ್ಚಿ, ಮತ್ತೆ ಮಡಿಚುತ್ತಿದ್ದಳು. ನಾನೂ ಹೇಳದೆ ಹಿತ್ತಿಲಿಗೆ ಬಂದು ಕೊಡ ಎತ್ತಿಕೊಂಡೆ.

ವೀಳ್ಯಶಾಸ್ತ್ರದ ದಿನ ಅಪ್ಪನಿಲ್ಲದ ಮನೆಗೆ ಅಣ್ಣನೇ ಮುಂದೆ ಕೂರಬೇಕು. ಬೇರೆ ಜಾತಿಯವನು ಅಂತ ನೆಂಟರು ಗೊಣಗಿದರೂ ಅವ್ವ ಕೇಳಲಿಲ್ಲ. ಬಿಳಿ ಪಂಚೆ ಉಟ್ಟು ಕೂತ ಜಂಬಣ್ಣ ಎಲೆ ಅಡಿಕೆ ತಟ್ಟೆಯನ್ನು ಎತ್ತಿ ಕೆಂಚಪ್ಪನ ತಂದೆಯ ಕೈಗೆ ಕೊಟ್ಟ. "ನಮ್ಮ ಹುಡುಗೀನ ನಿಮ್ಮ ಮನಿಗೆ ಕೊಟ್ಟೇವ್ರಿ," ಅಂದ. ತಂಗಿ ಅನ್ನಲಿಲ್ಲ. ಅದನ್ನು ಗಮನಿಸಿದವಳು ನಾನೊಬ್ಬಳೇ ಅಂದುಕೊಂಡೆ.

"ಅಣ್ಣನ ಕಾಲಿಗೆ ಬೀಳಮ್ಮ," ಅಂದರು ಯಾರೋ.

ಬಗ್ಗಿದೆ. ಬೆರಳು ತಾಗುವ ಮೊದಲೇ ಅವನು ಪಾದ ಹಿಂದಕ್ಕೆ ಎಳೆದುಕೊಂಡ.

"ಬ್ಯಾಡ್ರಿ, ಪಾಪಮ್ಮ," ಅಂದ.

ಮೊದಲ ಸಲ ನನ್ನ ಹೆಸರು ಅವನ ಬಾಯಲ್ಲಿ ಬಂದಿತ್ತು. ಲಿಂಗಾಯತರು, ನಮಸ್ಕಾರ ಹಾಕಿಸಿಕೊಳ್ಳಲು ಸಂಕೋಚ ಅಂತ ನೆಂಟರು ನಕ್ಕರು. ಅವನು ಎದ್ದು, ಅವ್ವನಿಗೆ ಕೈಮುಗಿದು, ಊಟಕ್ಕೂ ನಿಲ್ಲದೆ ಹೊರಟ.

ಎಲ್ಲರೂ ಹೋದ ಮೇಲೆ ಅವ್ವ ಉಂಡ ಎಲೆಗಳನ್ನು ಬಳಿಯುತ್ತ, ತಲೆ ಎತ್ತದೆ ಅಂದಳು. "ನಂಗೆ ಗೊತ್ತಿತ್ತು ಕಣೇ."

"ಏನು ಗೊತ್ತಿತ್ತು?"

"ನಿಮ್ಮಿಬ್ಬರದೂ. ಬೈರ ಇರೋವಾಗ್ಲೇ ಗೊತ್ತಿತ್ತು."

"ಗೊತ್ತಿದ್ದೂ ಹಿಂಗೆ ಮಾಡ್ದ್ಯಾ?"

"ಅಳಿಯ ಮಾಡ್ಕೊಂಡಿದ್ರೆ ನಮ್ಮೋರೂ ಬಿಡ್ತಿರ್ಲಿಲ್ಲ, ಅವರೋರೂ ಬಿಡ್ತಿರ್ಲಿಲ್ಲ. ಊರು ಬಿಟ್ಟು ಹೋಗ್ತಿದ್ರಿ ಇಬ್ಬರೂ. ಮಗ ಅಂದ್ರೆ ಭಾನುವಾರ ಬಂದು ಉಣ್ತಾನೆ. ನನಗೆ ಅಷ್ಟೇ ಬೇಕಿತ್ತು ಕಣೇ. ಒಬ್ಬನಾದ್ರೂ ಬರ್ಲಿ ಅಂತ."

ಅವಳ ಮೇಲೆ ಕೂಗಾಡಬೇಕು ಅನ್ನಿಸಿತು. ತಬ್ಬಿಕೊಳ್ಳಬೇಕು ಅಂತಲೂ ಅನ್ನಿಸಿತು. ಎರಡೂ ಮಾಡಲಿಲ್ಲ.

"ಇನ್ನು ಅವರು ಬರಲ್ಲ ಕಣವ್ವ," ಅಂದೆ.

ಅವ್ವನ ಕೈ ನಿಂತಿತು. ನನ್ನ ಮುಖ ನೋಡಿದಳು, ಬಾಗಿಲ ಕಡೆ ನೋಡಿದಳು, ಎಂಜಲೆಲೆಗಳ ನಡುವೆ ಹಾಗೇ ಕುಸಿದು ಕೂತಳು.